ಎರಡೇ ಕಂತಿಗೆ ತೆರೆ: ‘ವಿವಾ ಲಾಫ್ಲಿನ್’ ಮತ್ತು ರೀಮೇಕ್‌ನ ಪಾಠ

ಒಂದು ದೇಶದಲ್ಲಿ ಜನಮೆಚ್ಚುಗೆ ಗಳಿಸಿದ ಧಾರಾವಾಹಿಯ ಹಕ್ಕುಗಳನ್ನು ಕೊಂಡು, ಅದರ ಕಥೆಯನ್ನು ತಮ್ಮ ನಟರಿಂದ, ತಮ್ಮ ನೆಲದಲ್ಲಿ ಮತ್ತೆ ಚಿತ್ರಿಸುವ ಪದ್ಧತಿ ದೂರದರ್ಶನ ಮಾಧ್ಯಮದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ನಡೆದುಬಂದಿದೆ. ಒಮ್ಮೆ ಗೆದ್ದ ಕಥೆ ಮತ್ತೊಮ್ಮೆಯೂ ಗೆಲ್ಲುತ್ತದೆ ಎಂಬ ನಂಬಿಕೆ ಈ ವ್ಯವಹಾರದ ಬಂಡವಾಳ. ಆ ನಂಬಿಕೆಗೆ ಬಿದ್ದ ಬಲವಾದ ಪೆಟ್ಟುಗಳಲ್ಲಿ ಒಂದು 2007ರ ಅಕ್ಟೋಬರ್‌ನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿ ಪ್ರಸಾರ ಮಾಡಿದ ‘ವಿವಾ ಲಾಫ್ಲಿನ್’. ಬ್ರಿಟನ್ನಿನ ಬಿಬಿಸಿ ನಿರ್ಮಿಸಿದ್ದ ‘ಬ್ಲ್ಯಾಕ್‌ಪೂಲ್’ ಧಾರಾವಾಹಿಯ ರೂಪಾಂತರವಾದ ಇದರಲ್ಲಿ ಹೆಸರಾಂತ ನಟರಿದ್ದರು, ಜನಪ್ರಿಯ ಹಾಡುಗಳಿದ್ದವು, ದೇಶದ ದೊಡ್ಡ ವಾಹಿನಿಯೊಂದರ ಬೆಂಬಲವಿತ್ತು. ಹೀಗಿದ್ದೂ ಎರಡು ಕಂತುಗಳು ಮುಗಿಯುತ್ತಿದ್ದಂತೆ ಅದನ್ನು ನಿಲ್ಲಿಸಲಾಯಿತು.

ಈ ಎರಡೂ ಕೃತಿಗಳು ಹಾಸ್ಯ ಮತ್ತು ಗಂಭೀರ ನಾಟಕವನ್ನು ಬೆಸೆಯುವ ‘ಕಾಮಿಡಿ–ಡ್ರಾಮಾ’ ಎಂಬ ಪ್ರಕಾರಕ್ಕೆ ಸೇರುತ್ತವೆ. ಅಮೆರಿಕದ ದೂರದರ್ಶನದಲ್ಲಿ ಅರ್ಧ ಗಂಟೆಯ ಕಂತುಗಳು ನಗೆಗೆ, ಒಂದು ಗಂಟೆಯ ಕಂತುಗಳು ಗಂಭೀರ ಕಥೆಗೆ ಎಂಬ ವಿಂಗಡಣೆ ಬಹುಕಾಲ ಗಟ್ಟಿಯಾಗಿತ್ತು. ಕಾಮಿಡಿ–ಡ್ರಾಮಾ ಈ ಗೆರೆಯನ್ನು ದಾಟಿ, ನೋಡುಗ ನಗುತ್ತಿರುವಾಗಲೇ ಪಾತ್ರದ ಸಂಕಟವನ್ನೂ ಕಾಣುವಂತೆ ಮಾಡಬಯಸುತ್ತದೆ. ಈ ಹದ ತಪ್ಪಿದರೆ ನಗು ಹಗುರವಾಗಿ ದುಃಖ ನಾಟಕೀಯವಾಗುವುದರಿಂದ, ಇತರ ಪ್ರಕಾರಗಳಲ್ಲಿ ಮುಚ್ಚಿಹೋಗಬಹುದಾದ ದೋಷಗಳೂ ಇಲ್ಲಿ ಎದ್ದು ಕಾಣುತ್ತವೆ. ಅದಕ್ಕೆ ಹಾಡು ಮತ್ತು ಕೊಲೆಯ ತನಿಖೆಯನ್ನೂ ಸೇರಿಸಿದರೆ ಆ ಹದವನ್ನು ಕಾಯುವ ಕೆಲಸ ಇನ್ನಷ್ಟು ಕಠಿಣವಾಗುತ್ತದೆ.

ಮೂಲ ಮತ್ತು ಅದರ ಮಣ್ಣು

ಪೀಟರ್ ಬೋಕರ್ ಬರೆದ ‘ಬ್ಲ್ಯಾಕ್‌ಪೂಲ್’ 2004ರ ಕೊನೆಯ ತಿಂಗಳುಗಳಲ್ಲಿ ಬಿಬಿಸಿ ಒನ್ ವಾಹಿನಿಯಲ್ಲಿ ಆರು ಕಂತುಗಳಾಗಿ ಪ್ರಸಾರವಾಯಿತು. ರಿಪ್ಲಿ ಹೋಲ್ಡನ್ ಎಂಬಾತ ಅದರ ಕೇಂದ್ರ ಪಾತ್ರ. ನಾಣ್ಯ ಹಾಕಿ ಆಡುವ ಯಂತ್ರಗಳಿರುವ ‘ಆರ್ಕೇಡ್’ ಎಂಬ ಆಟದ ಮನೆಯ ಒಡೆಯನಾದ ಅವನಿಗೆ ಅದನ್ನು ಕ್ಯಾಸಿನೊ ಮತ್ತು ಹೋಟೆಲ್ ಆಗಿ ಬೆಳೆಸಿ, ತನ್ನ ಊರನ್ನೇ ಲಾಸ್ ವೇಗಾಸ್‌ನಂತೆ ಮಾಡುವ ಹಂಬಲವಿದೆ. ಆ ಆರ್ಕೇಡ್‌ನಲ್ಲೇ ಒಬ್ಬ ಯುವಕನ ಶವ ಸಿಗುತ್ತದೆ. ತನಿಖೆಗೆ ಬಂದ ಪೀಟರ್ ಕಾರ್ಲೈಲ್ ಎಂಬ ಪೊಲೀಸ್ ಅಧಿಕಾರಿ ರಿಪ್ಲಿಯನ್ನು ಬೆನ್ನಟ್ಟುತ್ತಲೇ ಅವನ ಹೆಂಡತಿ ನಟಾಲಿಯನ್ನು ಪ್ರೀತಿಸತೊಡಗುತ್ತಾನೆ. ಡೇವಿಡ್ ಮಾರಿಸ್ಸಿ, ಡೇವಿಡ್ ಟೆನೆಂಟ್ ಮತ್ತು ಸಾರಾ ಪ್ಯಾರಿಶ್ ಈ ಮೂರು ಪಾತ್ರಗಳನ್ನು ವಹಿಸಿದ್ದರು.

ಈ ಕಥೆಯ ಜೀವ ಕೊಲೆಯ ಗುಟ್ಟಿನಲ್ಲಿರಲಿಲ್ಲ, ಅದು ಊರಿನಲ್ಲಿತ್ತು. ಇಂಗ್ಲೆಂಡಿನ ವಾಯವ್ಯ ಕರಾವಳಿಯ ಬ್ಲ್ಯಾಕ್‌ಪೂಲ್ ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಮಾರ್ಗ ಬಂದ ಮೇಲೆ ಲ್ಯಾಂಕಷೈರ್ ಸೀಮೆಯ ಹತ್ತಿಗಿರಣಿ ಕಾರ್ಮಿಕರ ರಜಾತಾಣವಾಗಿ ಬೆಳೆದ ಪಟ್ಟಣ. ಒಂದೊಂದು ಊರಿನ ಗಿರಣಿಗಳು ವರ್ಷಕ್ಕೊಮ್ಮೆ ಬಾಗಿಲು ಹಾಕಿದಾಗ ಆ ಊರಿನ ಕುಟುಂಬಗಳೆಲ್ಲ ಸಮುದ್ರ ನೋಡಲು ಅಲ್ಲಿಗೆ ಬರುತ್ತಿದ್ದವು. ಪ್ಯಾರಿಸ್ಸಿನ ಐಫೆಲ್ ಗೋಪುರದಿಂದ ಪ್ರೇರಣೆ ಪಡೆದು 1894ರಲ್ಲಿ ತೆರೆದ ಗೋಪುರ, ಕಡಲಂಚಿನ ದೀಪಾಲಂಕಾರ ಮತ್ತು ನೃತ್ಯಶಾಲೆಗಳು ದುಡಿಯುವ ಜನರಿಗೆ ವರ್ಷದಲ್ಲಿ ಒಂದು ವಾರದ ಸಂಭ್ರಮವನ್ನು ಒದಗಿಸುತ್ತಿದ್ದವು. ಗಿರಣಿಗಳು ಮುಚ್ಚತೊಡಗಿ, ಸ್ಪೇನ್‌ನಂಥ ದೇಶಗಳಿಗೆ ಅಗ್ಗದ ವಿಮಾನ ಪ್ರವಾಸ ಕೈಗೆಟುಕಿದ ಮೇಲೆ ಆ ಸಂಭ್ರಮ ಮಂಕಾಯಿತು. ಧಾರಾವಾಹಿ ಪ್ರಸಾರವಾದ ಕಾಲದಲ್ಲಿ ಭಾರಿ ಕ್ಯಾಸಿನೊಗಳಿಗೆ ಅನುಮತಿ ಕೊಡಬೇಕೇ ಎಂಬ ಚರ್ಚೆ ಬ್ರಿಟನ್ನಿನಲ್ಲಿ ನಿಜವಾಗಿಯೇ ನಡೆಯುತ್ತಿತ್ತು. ಅಂಥ ಮೊದಲ ಕ್ಯಾಸಿನೊ ತನಗೆ ಬರುತ್ತದೆಂದು ಬ್ಲ್ಯಾಕ್‌ಪೂಲ್ ಆಸೆಯಿಂದ ಕಾದಿತ್ತು; ಆದರೆ 2007ರ ಜನವರಿಯಲ್ಲಿ ಅದಕ್ಕಾಗಿ ನೇಮಿಸಿದ್ದ ಸಲಹಾ ಮಂಡಳಿ ಮ್ಯಾಂಚೆಸ್ಟರ್ ನಗರವನ್ನು ಆರಿಸಿತು, ಕೊನೆಗೆ ಆ ಯೋಜನೆಯನ್ನೇ ಸರ್ಕಾರ ಕೈಬಿಟ್ಟಿತು. ಹೀಗಾಗಿ ರಿಪ್ಲಿಯ ಹಂಬಲ ಒಬ್ಬ ವ್ಯಕ್ತಿಯದಷ್ಟೇ ಆಗಿರದೆ, ವೈಭವ ಕಳೆದುಕೊಂಡ ಒಂದು ಊರಿನದೂ ಆಗಿತ್ತು. ಅವನ ಬಡಾಯಿ ನೋಡುಗರಲ್ಲಿ ನಗು ತರಿಸಿದ್ದೂ, ಅವನ ಸೋಲು ಮರುಕ ಹುಟ್ಟಿಸಿದ್ದೂ ಇದೇ ಕಾರಣದಿಂದ.

ಎರಡು ದನಿಗಳ ಹಾಡು

‘ಬ್ಲ್ಯಾಕ್‌ಪೂಲ್’ನ ಇನ್ನೊಂದು ವೈಶಿಷ್ಟ್ಯ ಅದರ ಹಾಡುಗಾರಿಕೆಯಲ್ಲಿತ್ತು. ಪಾತ್ರಗಳ ಭಾವ ಉಕ್ಕಿದಾಗ ಹಿನ್ನೆಲೆಯಲ್ಲಿ ಎಲ್ಲರೂ ಬಲ್ಲ ಹಳೆಯ ಜನಪ್ರಿಯ ಗೀತೆಯೊಂದರ ಮೂಲ ಧ್ವನಿಮುದ್ರಣವೇ ಕೇಳಿಬರುತ್ತಿತ್ತು, ನಟರು ಅದರ ಜೊತೆಗೆ ತಮ್ಮ ದನಿಯನ್ನೂ ಸೇರಿಸಿ ಹಾಡುತ್ತ ಕುಣಿಯುತ್ತಿದ್ದರು. ರಿಪ್ಲಿ ಮತ್ತು ಕಾರ್ಲೈಲ್ ಪರಸ್ಪರ ಸವಾಲೆಸೆಯುವ ಸಂದರ್ಭಕ್ಕೆ ನ್ಯಾನ್ಸಿ ಸಿನಾತ್ರಾ ಅವರ ಹಾಡನ್ನು ಬಳಸಿದ್ದು ಇದಕ್ಕೆ ಒಳ್ಳೆಯ ಉದಾಹರಣೆ.

ಕನ್ನಡದ ಪ್ರೇಕ್ಷಕರಿಗೆ ತುಟಿಚಲನೆಯ ಹಾಡು ಹೊಸದಲ್ಲ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಬಳಿಕ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗುವವರೆಗೆ ಪಿ. ಬಿ. ಶ್ರೀನಿವಾಸ್ ಅವರ ಕಂಠವೇ ಅವರ ಕಂಠವೆಂಬಂತೆ ನಾಡು ಒಪ್ಪಿಕೊಂಡಿತ್ತು. ಆದರೆ ಹಿನ್ನೆಲೆ ಗಾಯನದಲ್ಲಿ ಗಾಯಕರ ದನಿ ಪಾತ್ರದೊಳಗೆ ಕರಗಿಹೋಗಬೇಕು, ಆ ದನಿ ಪಾತ್ರದ್ದೇ ಎನಿಸಬೇಕು. ಬ್ರಿಟನ್ನಿನ ಈ ಪದ್ಧತಿಯಲ್ಲಿ ಅದು ಕರಗಬಾರದು. ಹಾಡಿನ ಮೂಲ ಗಾಯಕರು ಯಾರೆಂದು ನೋಡುಗನಿಗೆ ತಿಳಿದಿರಬೇಕು, ಆ ಮೋಹಕ ದನಿಗೂ ಪಾತ್ರದ ಸಾಧಾರಣ ಬದುಕಿಗೂ ಇರುವ ಅಂತರ ಕಣ್ಣಿಗೆ ಹೊಡೆಯಬೇಕು. ಈ ತಂತ್ರವನ್ನು ಬೆಳೆಸಿದವರು ನಾಟಕಕಾರ ಡೆನಿಸ್ ಪಾಟರ್. ಹಾಡಿನ ಹಾಳೆಗಳನ್ನು ಮಾರುತ್ತ ಊರೂರು ಅಲೆಯುವ ವ್ಯಾಪಾರಿಯನ್ನು ಕುರಿತ ಅವರ ‘ಪೆನ್ನೀಸ್ ಫ್ರಮ್ ಹೆವನ್’ 1978ರಲ್ಲಿ, ಆಸ್ಪತ್ರೆಯ ಹಾಸಿಗೆ ಹಿಡಿದ ಲೇಖಕನನ್ನು ಕುರಿತ ‘ದಿ ಸಿಂಗಿಂಗ್ ಡಿಟೆಕ್ಟಿವ್’ 1986ರಲ್ಲಿ ಬಿಬಿಸಿಯಲ್ಲಿ ಪ್ರಸಾರವಾದವು. ಸಾಮಾನ್ಯ ಜನರು ತಮ್ಮ ಮಾತಿಗೆ ಸಿಗದ ಆಸೆಗಳನ್ನು ಅಗ್ಗದ ಸಿನಿಮೀಯ ಹಾಡುಗಳಲ್ಲಿ ಕಂಡುಕೊಳ್ಳುತ್ತಾರೆ ಎಂಬ ಗಾಢ ಅನುಕಂಪ ಆ ಕೃತಿಗಳ ತಳದಲ್ಲಿತ್ತು. ಬೋಕರ್ ನಡೆದದ್ದು ಇದೇ ಹಾದಿಯಲ್ಲಿ, ಮತ್ತು ಬ್ರಿಟಿಷ್ ಪ್ರೇಕ್ಷಕರಿಗೆ ಆ ಹಾದಿ ಕಾಲು ಶತಮಾನದಿಂದ ಪರಿಚಿತವಾಗಿತ್ತು.

ಅಮೆರಿಕದಲ್ಲಿ ಅಂಥ ಪರಿಚಯವಿರಲಿಲ್ಲ. ಪಾಟರ್ ಅವರ ‘ಪೆನ್ನೀಸ್ ಫ್ರಮ್ ಹೆವನ್’ 1981ರಲ್ಲಿ ಸ್ಟೀವ್ ಮಾರ್ಟಿನ್ ನಾಯಕತ್ವದ ಹಾಲಿವುಡ್ ಚಿತ್ರವಾದಾಗ ಗಲ್ಲಾಪೆಟ್ಟಿಗೆಯಲ್ಲಿ ಸೋತಿತ್ತು. ಪೊಲೀಸ್ ಠಾಣೆಯ ಕಥೆಗೆ ಹಾಡುಗಳನ್ನು ಬೆರೆಸಿ ಸ್ಟೀವನ್ ಬಾಚ್ಕೊ 1990ರಲ್ಲಿ ಎಬಿಸಿ ವಾಹಿನಿಗೆ ರೂಪಿಸಿದ ‘ಕಾಪ್ ರಾಕ್’ ಹನ್ನೊಂದು ಕಂತುಗಳಿಗೆ ನಿಂತುಹೋಗಿತ್ತು. ‘ವಿವಾ ಲಾಫ್ಲಿನ್’ ರೂಪಿಸಿದವರ ಮುಂದೆ ಈ ಎರಡೂ ನಿದರ್ಶನಗಳಿದ್ದವು.

ನೆವಾಡಕ್ಕೆ ಬಂದ ರಿಪ್ಲಿ

ಬಾಬ್ ಲೌರಿ ಅಮೆರಿಕದ ರೂಪಾಂತರವನ್ನು ಸಿದ್ಧಪಡಿಸಿದರು. ‘ದಿ ಬಾಯ್ ಫ್ರಮ್ ಆಝ್’ ಸಂಗೀತ ನಾಟಕದ ಅಭಿನಯಕ್ಕಾಗಿ 2004ರಲ್ಲಿ ಟೋನಿ ಪ್ರಶಸ್ತಿ ಪಡೆದಿದ್ದ ಚಿತ್ರನಟ ಹ್ಯೂ ಜಾಕ್‌ಮನ್ ಅದರ ಕಾರ್ಯಕಾರಿ ನಿರ್ಮಾಪಕರಲ್ಲಿ ಒಬ್ಬರಾದರು. ಹೊಸ ರಿಪ್ಲಿಯಾಗಿ ಲಾಯ್ಡ್ ಓವೆನ್, ಅವನ ಪತ್ನಿಯಾಗಿ ಮ್ಯಾಡ್ಚೆನ್ ಏಮಿಕ್, ಪೊಲೀಸ್ ಅಧಿಕಾರಿಯಾಗಿ ಎರಿಕ್ ವಿಂಟರ್ ನಟಿಸಿದರು. ಮೆಲನಿ ಗ್ರಿಫಿತ್ ಇನ್ನೊಂದು ಮುಖ್ಯ ಪಾತ್ರದಲ್ಲಿದ್ದರು. ಪ್ರತಿಸ್ಪರ್ಧಿ ಕ್ಯಾಸಿನೊ ಒಡೆಯನಾಗಿ ಸ್ವತಃ ಜಾಕ್‌ಮನ್ ರೋಲಿಂಗ್ ಸ್ಟೋನ್ಸ್ ತಂಡದ ಹಾಡಿನೊಂದಿಗೆ ತೆರೆಗೆ ಬಂದರು. ಕ್ಯಾಸಿನೊ ತೆರೆಯಲು ಹೊರಟ ವ್ಯಾಪಾರಿಗೆ ಹಣ ಹೂಡಬೇಕಾಗಿದ್ದವನು ಹಿಂದೆ ಸರಿದು, ಬಳಿಕ ಕೊಲೆಯಾಗುವುದು ಹೊಸ ಕಥೆಯ ಆರಂಭ.

ಕಥೆಯ ಎಲುಬು ಬಹುಮಟ್ಟಿಗೆ ಹಾಗೇ ಉಳಿದರೂ ನೆಲ ಬದಲಾಗಿತ್ತು. ಲಾಫ್ಲಿನ್ ಎಂಬುದು ನೆವಾಡ ರಾಜ್ಯದ ದಕ್ಷಿಣ ತುದಿಯಲ್ಲಿ, ಲಾಸ್ ವೇಗಾಸ್‌ನಿಂದ ಸುಮಾರು 150 ಕಿಲೋಮೀಟರ್ ದೂರದಲ್ಲಿ, ಕೊಲೊರಾಡೊ ನದಿಯ ದಡದಲ್ಲಿರುವ ಸಣ್ಣ ಊರು. ಡಾನ್ ಲಾಫ್ಲಿನ್ ಎಂಬ ಉದ್ಯಮಿ 1964ರಲ್ಲಿ ಅಲ್ಲಿ ಜಾಗ ಕೊಂಡು ಆರಂಭಿಸಿದ ಜೂಜಿನ ವಹಿವಾಟಿನಿಂದಲೇ ಆ ಊರು ಹುಟ್ಟಿತು, ಅವರ ಹೆಸರೇ ಊರಿಗೂ ಬಂತು. ನೆವಾಡದಲ್ಲಿ ಜೂಜು 1931ರಿಂದಲೂ ಕಾನೂನುಬದ್ಧ. ಕ್ಯಾಸಿನೊಗಾಗಿಯೇ ಹುಟ್ಟಿದ ಊರಿನಲ್ಲಿ ಮತ್ತೊಂದು ಕ್ಯಾಸಿನೊ ಕಟ್ಟುತ್ತೇನೆ ಎನ್ನುವವನ ಮಾತಿನಲ್ಲಿ ಕೈಗೆಟುಕದ ಕನಸಿನ ಹೊಳಪೂ ಇಲ್ಲ, ನಗೆಪಾಟಲಾಗುವ ಅಪಾಯವೂ ಇಲ್ಲ. ಅದು ಒಂದು ವ್ಯಾಪಾರದ ಯೋಜನೆ ಮಾತ್ರ. ತಣ್ಣನೆಯ ಮಳೆ ಸುರಿಯುವ ಇಂಗ್ಲಿಷ್ ಕಡಲಂಚಿನಲ್ಲಿ ನಿಂತು ಲಾಸ್ ವೇಗಾಸ್ ಕನಸು ಕಾಣುವವನಿಗೂ, ಅದರ ನೆರೆಯಲ್ಲೇ ಇದ್ದು ಅಂಥದೇ ಅಂಗಡಿ ತೆರೆಯಬಯಸುವವನಿಗೂ ಇರುವ ವ್ಯತ್ಯಾಸವೇ ಈ ಸೋಲಿನ ಮೂಲ ಕಾರಣ. ‘ವಿವಾ ಲಾಸ್ ವೇಗಾಸ್’ ಎಂಬ ಎಲ್ವಿಸ್ ಪ್ರೀಸ್ಲಿಯ ಹಾಡು ಬ್ಲ್ಯಾಕ್‌ಪೂಲ್‌ನಲ್ಲಿ ಕೇಳಿದರೆ ಅದು ಹಂಬಲ. ನೆವಾಡದಲ್ಲಿ ಕೇಳಿದರೆ ಬರಿಯ ವಿಳಾಸ.

ಆರು ಕಂತುಗಳ ಮೂಲ ಕೃತಿಯಲ್ಲಿ ಕೊಲೆಯ ಗುಟ್ಟು ಕೊನೆಯಲ್ಲಿ ಬಿಡಿಸಿಕೊಂಡು ಕಥೆ ಮುಗಿಯುತ್ತಿತ್ತು ಎಂಬುದನ್ನೂ ಇಲ್ಲಿ ಗಮನಿಸಬೇಕು. ಅಮೆರಿಕದ ವಾಹಿನಿಗಳ ಅಂದಿನ ರೂಢಿಯಲ್ಲಿ ಒಂದು ಋತುವಿಗೆ, ಎಂದರೆ ಶರತ್ಕಾಲದಿಂದ ಮರುವರ್ಷದ ವಸಂತದವರೆಗಿನ ಪ್ರಸಾರಾವಧಿಗೆ, ಸುಮಾರು 22 ಕಂತುಗಳು ಬೇಕಾಗುತ್ತಿದ್ದವು. ಕಥೆ ವರ್ಷಾನುಗಟ್ಟಲೆ ಮುಂದುವರಿಯುವಂತೆಯೂ ಇರಬೇಕಿತ್ತು. ಮುಗಿಯಲೆಂದು ಹೆಣೆದ ಕಥೆಯನ್ನು ಮುಗಿಯದಂತೆ ಎಳೆಯಬೇಕಾದಾಗ, ಅದರ ಪ್ರತಿಯೊಂದು ಗಂಟನ್ನೂ ಸಡಿಲಗೊಳಿಸುವುದು ಅನಿವಾರ್ಯವಾಗುತ್ತದೆ.

ನಾಲ್ಕು ದಿನಗಳ ಆಯುಷ್ಯ

ವಾಹಿನಿ ಮೊದಲ ಕಂತನ್ನು 2007ರ ಅಕ್ಟೋಬರ್ 18ರ ಗುರುವಾರ, ಲಾಸ್ ವೇಗಾಸ್‌ನಲ್ಲೇ ನಡೆಯುವ ತನ್ನ ಅತಿ ಜನಪ್ರಿಯ ಅಪರಾಧ ಧಾರಾವಾಹಿ ‘ಸಿಎಸ್‌ಐ’ ಮುಗಿದ ಕೂಡಲೇ ಮುನ್ನೋಟವಾಗಿ ಪ್ರಸಾರ ಮಾಡಿತು. ಹೀಗೆ ಜನಪ್ರಿಯ ಕಾರ್ಯಕ್ರಮದ ಬೆನ್ನಿಗೆ ಹೊಸದನ್ನು ಕಟ್ಟಿ ಅದರ ವೀಕ್ಷಕರನ್ನು ಉಳಿಸಿಕೊಳ್ಳುವ ತಂತ್ರಕ್ಕೆ ಅಲ್ಲಿ ‘ಲೀಡ್–ಇನ್’ ಎನ್ನುತ್ತಾರೆ. ಆದರೆ ‘ಸಿಎಸ್‌ಐ’ ನೋಡಿದವರಲ್ಲಿ ಬಹಳ ಮಂದಿ ಮುಂದಿನ ಕಾರ್ಯಕ್ರಮಕ್ಕೆ ಉಳಿಯಲಿಲ್ಲ. ವಿಮರ್ಶೆಗಳು ನಿಷ್ಠುರವಾಗಿದ್ದವು, ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಅಲೆಸಾಂಡ್ರಾ ಸ್ಟ್ಯಾನ್ಲಿ ಇದು ದೂರದರ್ಶನದ ಇತಿಹಾಸದಲ್ಲೇ ಅತ್ಯಂತ ಕಳಪೆಯಾದುದೇ ಎಂಬ ಪ್ರಶ್ನೆಯನ್ನು ಎತ್ತಿದರು. ಎರಡನೆಯ ಕಂತು 21ರ ಭಾನುವಾರ ತನ್ನ ನಿಗದಿತ ವೇಳೆಯಲ್ಲಿ ಪ್ರಸಾರವಾಯಿತು, ಮರುದಿನವೇ ವಾಹಿನಿ ಅದನ್ನು ರದ್ದುಪಡಿಸಿತು. ಜಾಹೀರಾತುದಾರರು ವೀಕ್ಷಕರ ಸಂಖ್ಯೆಯನ್ನು ನೋಡಿ ಹಣ ಕೊಡುವ ವ್ಯವಸ್ಥೆಯಲ್ಲಿ, ಖಾಲಿ ಹೋಗುವ ಪ್ರತಿಯೊಂದು ಗಂಟೆಯೂ ನಷ್ಟವೆಂಬ ಲೆಕ್ಕಾಚಾರ ಅಷ್ಟು ಬೇಗ ತೀರ್ಪು ಕೊಡಿಸಿತು. ಆ ಜಾಗಕ್ಕೆ ನವೆಂಬರ್‌ನಿಂದ ‘ದಿ ಅಮೇಜಿಂಗ್ ರೇಸ್’ ಎಂಬ ಸ್ಪರ್ಧಾ ಕಾರ್ಯಕ್ರಮ ಬಂತು.

ಗೆದ್ದ ರೂಪಾಂತರಗಳು

ವಿದೇಶಿ ಕಥೆ ಬೇರೆ ನೆಲದಲ್ಲಿ ಬೇರೂರುವುದಿಲ್ಲ ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. ಬ್ರಿಟನ್ನಿನ ‘ಟಿಲ್ ಡೆತ್ ಅಸ್ ಡು ಪಾರ್ಟ್’ ಎಂಬ ಹಾಸ್ಯ ಧಾರಾವಾಹಿ 1971ರಲ್ಲಿ ಅಮೆರಿಕಕ್ಕೆ ‘ಆಲ್ ಇನ್ ದ ಫ್ಯಾಮಿಲಿ’ ಆಗಿ ಬಂದಾಗ, ಅದರ ಪೂರ್ವಗ್ರಹಪೀಡಿತ ನಾಯಕ ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯ ಕಾರ್ಮಿಕನಾಗಿ ಆ ದೇಶದ ವರ್ಣಭೇದ ಮತ್ತು ವಿಯೆಟ್ನಾಂ ಯುದ್ಧದ ಜಗಳಗಳಲ್ಲಿ ನಿಂತು ಮಾತಾಡಿದ. ಕೊಲಂಬಿಯಾದಲ್ಲಿ 1999ರಲ್ಲಿ ಆರಂಭವಾದ ‘ಯೊ ಸೊಯ್ ಬೆಟ್ಟಿ, ಲಾ ಫೆಯಾ’ ಧಾರಾವಾಹಿಯ ರೂಪವಂತಳಲ್ಲದ ಜಾಣೆ 2003ರಲ್ಲಿ ಭಾರತದ ಹಿಂದಿ ವಾಹಿನಿಯಲ್ಲಿ ‘ಜಸ್ಸಿ ಜೈಸಿ ಕೋಯಿ ನಹೀಂ’ ಧಾರಾವಾಹಿಯ ಜಸ್ಸಿಯಾದಳು. 2006ರಲ್ಲಿ ಅಮೆರಿಕದ ‘ಅಗ್ಲಿ ಬೆಟ್ಟಿ’ ಎಂಬ ಕಾಮಿಡಿ–ಡ್ರಾಮಾದಲ್ಲಿ ಮೆಕ್ಸಿಕನ್ ಮೂಲದ ಕುಟುಂಬದ ಮಗಳಾಗಿ, ಪೌರತ್ವದ ಕಾಗದಗಳಿಲ್ಲದ ತಂದೆಯ ಚಿಂತೆ ಹೊತ್ತಳು. ಈ ರೂಪಾಂತರಕಾರರು ಕಥೆಯನ್ನು ನಕಲು ಮಾಡಲಿಲ್ಲ. ಆ ಕಥೆ ಕೇಳುವ ಪ್ರಶ್ನೆಗೆ ತಮ್ಮ ಸಮಾಜದ ಉತ್ತರವೇನೆಂದು ಹುಡುಕಿದರು.

ಹಾಡಿನ ವಿಷಯದಲ್ಲೂ ಇದೇ ಮಾತು ಸಲ್ಲುತ್ತದೆ. ‘ವಿವಾ ಲಾಫ್ಲಿನ್’ ನಿಂತು ಎರಡು ವರ್ಷ ತುಂಬುವ ಮೊದಲೇ ಫಾಕ್ಸ್ ವಾಹಿನಿಯಲ್ಲಿ ಆರಂಭವಾದ ‘ಗ್ಲೀ’ ಜನಪ್ರಿಯ ಗೀತೆಗಳನ್ನೇ ಬಳಸಿಕೊಂಡು 2015ರವರೆಗೆ ಆರು ಋತುಗಳ ಕಾಲ ನಡೆಯಿತು. ಶಾಲೆಯೊಂದರ ಗಾಯನ ತಂಡದ ಕಥೆಯಾದ್ದರಿಂದ ಅಲ್ಲಿನ ಹಾಡುಗಳಿಗೆ ಸಹಜವಾದ ಸಂದರ್ಭವಿತ್ತು. ಅಮೆರಿಕದ ಪ್ರೇಕ್ಷಕರು ದೂರವಿಟ್ಟದ್ದು ಹಾಡನ್ನಲ್ಲ, ಕಾರಣವಿಲ್ಲದೆ ಬಂದ ಹಾಡನ್ನು.

ಕನ್ನಡದ ಕಿರುತೆರೆಗೂ ಪರದೇಶದ ಮಾದರಿಗಳು ಹೊರಗಿನವಲ್ಲ. ಬ್ರಿಟನ್ನಿನ ರಸಪ್ರಶ್ನೆ ಕಾರ್ಯಕ್ರಮದ ಚೌಕಟ್ಟು 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ ಆಗಿಯೂ, ನೆದರ್ಲ್ಯಾಂಡ್ಸ್‌ನಲ್ಲಿ ಹುಟ್ಟಿದ ‘ಬಿಗ್ ಬ್ರದರ್’ 2013ರಲ್ಲಿ ‘ಬಿಗ್ ಬಾಸ್ ಕನ್ನಡ’ ಆಗಿಯೂ ಮನೆಮನೆಗೆ ಬಂದವು. ಆಟದ ನಿಯಮಗಳು ಎಲ್ಲಿಗೆ ಹೋದರೂ ಅವೇ ಆಗಿರುವುದರಿಂದ ಅಂಥ ಚೌಕಟ್ಟುಗಳನ್ನು ಸಾಗಿಸುವುದು ಸುಲಭ. ಕಥೆಯ ಮಾತು ಬೇರೆ. ಅದರ ಪಾತ್ರಗಳ ಆಸೆ ಮತ್ತು ಅವಮಾನಗಳು ಒಂದು ಊರಿನ ಚರಿತ್ರೆಯಿಂದ, ದುಡಿಮೆಯಿಂದ, ಹವೆಯಿಂದ ರೂಪುಗೊಂಡಿರುತ್ತವೆ. ಹೊರಗಿನ ಕಥೆಯನ್ನು ಕನ್ನಡಕ್ಕೆ ತರುವ ಬರಹಗಾರರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಪಾತ್ರ ತನ್ನ ಊರಿನಲ್ಲಿ ಹಂಬಲಿಸಿದ್ದು ಏನನ್ನು, ಕನ್ನಡದ ಯಾವ ಊರಿನಲ್ಲಿ ಅಂಥದೇ ಹಂಬಲ ಇನ್ನೂ ಈಡೇರದೆ ಉಳಿದಿದೆ ಎಂಬುದು. ಆ ಊರು ಸಿಗುವ ತನಕ ಕಥೆಯ ಹಕ್ಕು ಕೊಳ್ಳದಿರುವುದೇ ಲೇಸು.