ಆಸ್ಪತ್ರೆಯ ವೆಚ್ಚಕ್ಕೊಂದು ಮಿತಿ: ಮೇರಿಲ್ಯಾಂಡ್ ಸಂಸ್ಥಾನದ ಪ್ರಯತ್ನ

ರೋಗವು ಹೇಳಿ ಬರುವುದಿಲ್ಲ. ಆಸ್ಪತ್ರೆಯ ಖರ್ಚೂ ಹಾಗೆಯೇ. ತಿಂಗಳ ದಿನಸಿಗೆ ಎಷ್ಟು, ಮಕ್ಕಳ ಶಾಲೆಯ ಶುಲ್ಕಕ್ಕೆ ಎಷ್ಟು ಎಂಬುದನ್ನು ಗೃಹಿಣಿಯು ಮೊದಲೇ ಲೆಕ್ಕಹಾಕಬಲ್ಲಳು. ಆದರೆ ಹತ್ತು ದಿನ ಹಾಸಿಗೆ ಹಿಡಿದವರ ಬಿಲ್ಲು ಎಷ್ಟಾಗುವುದೆಂದು ಬಲ್ಲವರಾರು? ಈ ವೆಚ್ಚಕ್ಕೆ ಸರ್ಕಾರವು ಮಿತಿಯನ್ನು ಕಲ್ಪಿಸಬಹುದೇ ಎಂಬ ಪ್ರಶ್ನೆಗೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮೇರಿಲ್ಯಾಂಡ್ ಅರ್ಧ ಶತಮಾನದಿಂದ ಉತ್ತರವನ್ನು ಹುಡುಕುತ್ತ ಬಂದಿದೆ. ಆ ವೃತ್ತಾಂತವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡಲು ಬಯಸುತ್ತೇವೆ.

ಆ ದೇಶದ ಬಹುಭಾಗದಲ್ಲಿ ಒಂದೇ ಆಸ್ಪತ್ರೆಯ ಒಂದೇ ಚಿಕಿತ್ಸೆಗೆ ಒಬ್ಬೊಬ್ಬರಿಗೆ ಒಂದೊಂದು ದರವುಂಟು. ದೊಡ್ಡ ವಿಮಾ ಕಂಪೆನಿಯು ಚೌಕಾಸಿಮಾಡಿ ರಿಯಾಯಿತಿಯನ್ನು ಪಡೆಯುವುದು; ವಿಮೆಯಿಲ್ಲದವನ ಕೈಗೆ ಪೂರ್ಣ ದರದ ಬಿಲ್ಲು ಬರುವುದೂ ಉಂಟು. ಮೇರಿಲ್ಯಾಂಡ್ 1971ರಲ್ಲಿ ಶಾಸನಮಾಡಿ ಏಳು ಮಂದಿ ಸದಸ್ಯರ ಆಯೋಗವನ್ನು ಸ್ಥಾಪಿಸಿತು. ಈ ಆಯೋಗವು 1974ರಿಂದ ಆಸ್ಪತ್ರೆಗಳ ದರವನ್ನು ಗೊತ್ತುಮಾಡಲಾರಂಭಿಸಿತು. 1977ರಲ್ಲಿ ಕೇಂದ್ರ ಸರ್ಕಾರವೂ ಒಪ್ಪಿದ್ದರಿಂದ ವೃದ್ಧರಿಗಾಗಿ ಇರುವ ಮೆಡಿಕೇರ್, ಬಡವರಿಗಾಗಿ ಇರುವ ಮೆಡಿಕೇಡ್ ಎಂಬ ಯೋಜನೆಗಳೂ ಈ ದರಗಳನ್ನೇ ಅನುಸರಿಸಿದವು. ಹಣ ತೆರಲಾರದವರ ಚಿಕಿತ್ಸೆಯ ವೆಚ್ಚವನ್ನು ಸಹ ದರದಲ್ಲಿಯೇ ಸೇರಿಸಿ ಎಲ್ಲರಿಗೂ ಹಂಚಲಾಯಿತು.

ಇದರ ಫಲವು ಸ್ಪಷ್ಟವಾಗಿಯೇ ಕಂಡುಬಂದಿತು. 1976ರಲ್ಲಿ ಅಲ್ಲಿ ರೋಗಿಯೊಬ್ಬನನ್ನು ಒಳರೋಗಿಯಾಗಿ ಸೇರಿಸಿಕೊಳ್ಳುವುದಕ್ಕೆ ತಗಲುತ್ತಿದ್ದ ವೆಚ್ಚವು ದೇಶದ ಸರಾಸರಿಗಿಂತ ಶೇಕಡಾ 26 ಹೆಚ್ಚಾಗಿತ್ತು. 2007ರಲ್ಲಿ ಅದು ಸರಾಸರಿಗಿಂತ ಶೇಕಡಾ 2 ಕಡಿಮೆಯಾಯಿತು.

ಆದರೂ ಒಂದು ಕೊರತೆಯು ಉಳಿದೇ ಇತ್ತು. ಪ್ರತಿ ರೋಗಿಯ ದರವು ಮಾತ್ರ ಗೊತ್ತಾಗಿದ್ದರೆ, ರೋಗಿಗಳ ಸಂಖ್ಯೆಯು ಹೆಚ್ಚಿದಷ್ಟೂ ಆಸ್ಪತ್ರೆಯ ಆದಾಯವು ಹೆಚ್ಚುವುದಷ್ಟೆ. ಆದುದರಿಂದ 2014ರಿಂದ ಪ್ರತಿ ಆಸ್ಪತ್ರೆಯ ಇಡೀ ವರ್ಷದ ಆದಾಯವನ್ನೇ ಮುಂಗಡವಾಗಿ ನಿಶ್ಚಯಿಸುವ ಪದ್ಧತಿಯು ರಾಜ್ಯದಲ್ಲೆಲ್ಲ ಬಂದಿತು. ತಲಾ ಆಸ್ಪತ್ರೆ ವೆಚ್ಚದ ವಾರ್ಷಿಕ ಏರಿಕೆಯು ಶೇಕಡಾ 3.58ನ್ನು ಮೀರಬಾರದೆಂದೂ, ಐದು ವರ್ಷಗಳಲ್ಲಿ ಮೆಡಿಕೇರಿಗೆ 33 ಕೋಟಿ ಡಾಲರು ಉಳಿಯಬೇಕೆಂದೂ ಕರಾರಾಯಿತು. ಉಳಿತಾಯವು ಆ ಗುರಿಯನ್ನು ಬಹಳವಾಗಿ ಮೀರಿತು. ಈ ಪದ್ಧತಿಯಲ್ಲಿ ಜನರು ಆರೋಗ್ಯದಿಂದಿದ್ದು ಆಸ್ಪತ್ರೆಗೆ ಬಾರದಿದ್ದರೆ ಆಸ್ಪತ್ರೆಗೆ ನಷ್ಟವಿಲ್ಲ, ಲಾಭವೇ.

ಎಲ್ಲ ಸಂಸ್ಥಾನಗಳೂ ಈ ಹಾದಿಯಲ್ಲಿ ನಿಲ್ಲಲಿಲ್ಲ. ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್ ಮೊದಲಾದವು ದರನಿಯಂತ್ರಣವನ್ನು ಕೈಕೊಂಡು 1990ರ ದಶಕದಲ್ಲಿ ಬಿಟ್ಟುಕೊಟ್ಟವು. ಮ್ಯಾಸಚೂಸೆಟ್ಸ್ 2012ರಲ್ಲಿ ಬೇರೊಂದು ಉಪಾಯವನ್ನು ಹಿಡಿಯಿತು: ದರವನ್ನು ವಿಧಿಸದೆ, ಸಂಸ್ಥಾನದ ಒಟ್ಟು ವೈದ್ಯವೆಚ್ಚದ ಏರಿಕೆಗೆ ಗುರಿಯನ್ನಿಟ್ಟು, ಮೀರಿದವರಿಂದ ಬಹಿರಂಗವಾಗಿ ಸಮಾಧಾನವನ್ನು ಕೇಳುವುದು. 2013ರಿಂದ 2017ರ ವರೆಗೆ ಆ ಗುರಿಯು ಶೇಕಡಾ 3.6 ಆಗಿತ್ತು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಆಸ್ಪತ್ರೆಯ ಹಾಸಿಗೆ ಚಿಕ್ಕದೆಂದು ರೋಗಿಯನ್ನು ಹೊರಗೆ ನಿಲ್ಲಿಸಲಾಗದು. ಆದಾಯಕ್ಕೆ ಮಿತಿಯಿದ್ದಲ್ಲಿ ಆರೈಕೆಯೂ ಮಿತವಾದೀತೆಂಬ ಭಯವು ನಿರಾಧಾರವಲ್ಲ. ಆದಕಾರಣವೇ ಮೇರಿಲ್ಯಾಂಡಿನ ಆಯೋಗವು ಆಸ್ಪತ್ರೆಯಲ್ಲಿ ತಗಲುವ ಸೋಂಕು, ಬಿಡುಗಡೆಯಾದವರು ಮರಳಿ ಸೇರುವಿಕೆ ಇವುಗಳನ್ನೂ ಎಣಿಸಿ, ಅದಕ್ಕನುಸಾರವಾಗಿ ಆದಾಯವನ್ನು ಹೆಚ್ಚುಕಡಿಮೆಮಾಡುತ್ತ ಬಂದಿತು. ದರದ ಪಟ್ಟಿಯೊಂದಿಗೆ ದಾದಿಯ ದಿನಚರಿಯನ್ನೂ ಓದಬಲ್ಲ ಸರ್ಕಾರವೇ ವೆಚ್ಚವನ್ನು ನ್ಯಾಯವಾಗಿ ತಗ್ಗಿಸಬಲ್ಲದೆಂದು ನಾವು ನಂಬುತ್ತೇವೆ.