ಮ್ಯಾರಥಾನ್ ನೋಡಲು ಹೊರಟಿದ್ದೀರಾ? ಚಪ್ಪಾಳೆ ತಟ್ಟುವ ಕೈ ಜೀವವನ್ನೂ ಉಳಿಸಬಲ್ಲದು



ನಾಗಪುರದಲ್ಲಿ ಲೋಕಮತ್ ಮಹಾಮ್ಯಾರಥಾನ್‌ನಂಥ ಓಟವಿದ್ದ ದಿನ ನಮ್ಮವರಲ್ಲಿ ಒಬ್ಬಿಬ್ಬರು ಓಡುತ್ತಾರೆ. ಉಳಿದವರು ಬೆಳಗಿನ ಚಳಿಯಲ್ಲಿ ಶಾಲು ಹೊದ್ದು ರಸ್ತೆ ಬದಿ ನಿಲ್ಲುತ್ತೇವೆ. ಮರಾಠಿ, ಹಿಂದಿ ಗದ್ದಲದ ನಡುವೆ "ಬಾರೋ ತಮ್ಮಾ, ಬಿಡಬೇಡ!" ಎಂದು ಕನ್ನಡದಲ್ಲಿ ಕೇಳಿಸಿದರೆ ಸೋತ ಕಾಲಿಗೂ ಬಲ ಬರುತ್ತದೆ. ಕೂಗಿ, ಖಂಡಿತ ಕೂಗಿ. ಆದರೆ ಕೂಗುವಾಗ ಓಡುವವರ ಮುಖವನ್ನೂ ನೋಡಿ.

*1. ಎಲ್ಲಿ ನಿಲ್ಲಬೇಕು?*
ಶುರುವಿನಲ್ಲಿ ಎಲ್ಲರಿಗೂ ಹುರುಪಿರುತ್ತದೆ. 21 ಕಿ.ಮೀ. ಓಟವಾದರೆ 16ನೇ ಕಿ.ಮೀ. ದಾಟಿದ ಮೇಲೆ ನಿಲ್ಲಿ. ಅಮೆರಿಕದಲ್ಲಿ 2000ರಿಂದ 2010ರವರೆಗೆ ಸುಮಾರು 1 ಕೋಟಿ 9 ಲಕ್ಷ ಓಟಗಾರರ ಲೆಕ್ಕ ತೆಗೆದಾಗ 59 ಜನರಿಗೆ ಹೃದಯ ಸ್ತಂಭನವಾಗಿತ್ತು. ಇದು ಬಹಳ ಅಪರೂಪ, ಹೆದರಬೇಕಿಲ್ಲ. ಆದರೆ ಹೆಚ್ಚಿನವು ಆದದ್ದು ಓಟದ ಕೊನೆಯ ಕಾಲು ಭಾಗದಲ್ಲಿ.

*2. ಯಾವಾಗ "ಓಡು" ಅನ್ನಬಾರದು?*
ತೂರಾಡುವುದು, ಕೇಳಿದ್ದಕ್ಕೆ ಅಸಂಬದ್ಧ ಉತ್ತರ, ಎದೆ ಹಿಡಿದುಕೊಳ್ಳುವುದು ಕಂಡರೆ ಹುರಿದುಂಬಿಸಬೇಡಿ, ನಿಲ್ಲಿಸಿ. ಮೈ ಸುಡುತ್ತಿದ್ದರೆ ನೆರಳಿಗೆ ಕರೆತಂದು ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕಿ. ಹತ್ತಿರದ ಸ್ವಯಂಸೇವಕರಿಗೆ ಮರಾಠಿಯಲ್ಲಿ "ಡಾಕ್ಟರಾಂನಾ ಬೋಲವಾ" ಎಂದರೆ ಸಾಕು.

*3. ನೀರು ಕುಡಿ ಕುಡಿ ಎಂದು ಒತ್ತಾಯ ಬೇಡ*
2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ಶೇ. 13 ಮಂದಿಗೆ ರಕ್ತದ ಸೋಡಿಯಂ ಕಡಿಮೆಯಾಗಿತ್ತು. ಬಾಯಾರಿಕೆಗಿಂತ ಹೆಚ್ಚು ನೀರು ಕುಡಿದರೆ ಹೀಗಾಗುತ್ತದೆ. ತಲೆನೋವು, ವಾಂತಿ, ಗೊಂದಲ ಇದರ ಲಕ್ಷಣ. ಬಾಯಾರಿದಷ್ಟೇ ಕುಡಿಯಲಿ. ನೋವಿನ ಮಾತ್ರೆಯನ್ನೂ ನೀವಾಗಿ ಕೊಡಬೇಡಿ.

*4. ಯಾರಾದರೂ ಕುಸಿದು ಬಿದ್ದರೆ*
ಭುಜ ತಟ್ಟಿ ಕೂಗಿ. ಎಚ್ಚರವಿಲ್ಲ, ಉಸಿರೂ ಸರಿಯಾಗಿಲ್ಲ ಎಂದರೆ ಒಬ್ಬರು 108ಕ್ಕೆ ಕರೆ ಮಾಡಲಿ. ಊರಲ್ಲಿದ್ದಂತೆ ಮಹಾರಾಷ್ಟ್ರದಲ್ಲೂ ಆಂಬ್ಯುಲೆನ್ಸ್‌ಗೆ ಅದೇ ನಂಬರು. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು ಒತ್ತಲಿ: ಕನಿಷ್ಠ 5 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ, ವೈದ್ಯರು ಬರುವವರೆಗೂ ನಿಲ್ಲಿಸದೆ. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲಿ ಬದುಕಿ ಉಳಿದವರಿಗೆ ಬಹಳ ನೆರವಾದದ್ದು ಪಕ್ಕದಲ್ಲಿದ್ದವರು ಕೂಡಲೇ ಹೀಗೆ ಎದೆ ಒತ್ತಿದ್ದು.

*5. ಓಟ ಮುಗಿದ ಮೇಲೆ*
ಫೋಟೋ ಆಮೇಲೆ. ಗಕ್ಕನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತಬಹುದು, ಹತ್ತು ನಿಮಿಷ ನಿಧಾನ ನಡೆಸಿ. ತಲೆ ಸುತ್ತಿದರೆ ಮಲಗಿಸಿ ಕಾಲು ಎತ್ತಿಡಿ. ಬೆವರು ಆರುವಾಗ ಚಳಿ ಹಿಡಿಯುತ್ತದೆ, ನಿಮ್ಮ ಶಾಲು ಹೊದಿಸಿ. ಆಮೇಲೆ ನಾಗಪುರದ ಕಿತ್ತಳೆ ಸುಲಿದು ಕೈಗಿಡಿ.

ಊರು ಬಿಟ್ಟು ಬಂದಲ್ಲಿ ಗೆಳೆಯರೇ ಬಂಧುಗಳು. ಓಟದ ಹಿಂದಿನ ದಿನ ಮನೆಯವರೆಲ್ಲ ಕೂತು 4ನೇ ಅಂಶವನ್ನು ದಿಂಬಿನ ಮೇಲೆ ಒತ್ತಿ ಅಭ್ಯಾಸ ಮಾಡಿ. ನಿಮ್ಮ ಕನ್ನಡ ಬಳಗಕ್ಕೂ ಇದನ್ನು ಕಳುಹಿಸಿ.