ಟ್ರಾನ್ಸಿಸ್ಟರಿನ ಕಾಣದ ನಾಲ್ಕನೇ ಕಾಲು

ಬೈಪೋಲಾರ್ ಟ್ರಾನ್ಸಿಸ್ಟರಿಗೆ ಎಷ್ಟು ಕಾಲು? ವೈವಾದಲ್ಲಿ ಕೇಳಿದರೆ ಯಾರಾದರೂ ನಿದ್ದೆಗಣ್ಣಲ್ಲೇ ಹೇಳಿಬಿಡುತ್ತಾರೆ: ಎಮಿಟರ್, ಬೇಸ್, ಕಲೆಕ್ಟರ್, ಒಟ್ಟು ಮೂರು. ಲ್ಯಾಬಿನಲ್ಲಿ ಬ್ರೆಡ್‌ಬೋರ್ಡಿಗೆ ಚುಚ್ಚುವ ಎಸ್‌ಎಲ್ 100ಕ್ಕೆ ಈ ಉತ್ತರ ಸರಿ. ಆದರೆ ಅಂಥದೇ ಟ್ರಾನ್ಸಿಸ್ಟರ್ ಐಸಿಯೊಳಗೆ ಇದ್ದರೆ ಅದಕ್ಕೆ ಇನ್ನೊಂದು ಕಾಲಿರುತ್ತದೆ. ಹೆಸರು ಸಬ್‌ಸ್ಟ್ರೇಟ್. ನಮ್ಮ ನೋಟ್ಸ್‌ಗಳಲ್ಲಿ ಇದಕ್ಕೆ ಹೆಚ್ಚೆಂದರೆ ಅರ್ಧ ಸಾಲು ಸಿಗುತ್ತದೆ.

ಬಿಡಿ ಟ್ರಾನ್ಸಿಸ್ಟರ್ ಒಂಟಿ ಮನೆಯಾದರೆ, ಐಸಿ ಒಂದು ವಠಾರ. ಎಲ್ಲರೂ ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ವಾಸ. ಒಬ್ಬರ ಕರೆಂಟ್ ಪಕ್ಕದವರ ಮನೆಗೆ ನುಗ್ಗದಂತೆ ತಡೆಯುವುದು ಹೇಗೆ? 1959ರಲ್ಲಿ ಅಮೆರಿಕದ ಸ್ಪ್ರೇಗ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಕರ್ಟ್ ಲೆಹೊವೆಕ್ ಇದಕ್ಕೊಂದು ಸರಳ ದಾರಿ ಕಂಡುಕೊಂಡರು. ರಿವರ್ಸ್ ಬಯಾಸ್‌ನಲ್ಲಿಟ್ಟ ಡಯೋಡ್ ಕರೆಂಟ್ ಬಿಡುವುದಿಲ್ಲವಲ್ಲ, ಆ ಪಿ-ಎನ್ ಜಂಕ್ಷನ್ನೇ ಗೋಡೆಯಾಗಲಿ ಎಂದರು. 1962ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ಸಾಮಾನ್ಯ ಬೈಪೋಲಾರ್ ಐಸಿಯಲ್ಲಿ ತಳದ ಸಬ್‌ಸ್ಟ್ರೇಟ್ ಪಿ ಮಾದರಿಯದು. ಅದರ ಮೇಲಿನ ಎನ್ ಪದರದ ಒಂದು ತುಂಡೇ ಎನ್‌ಪಿಎನ್ ಟ್ರಾನ್ಸಿಸ್ಟರಿನ ಕಲೆಕ್ಟರ್. ಅಂದರೆ ಪ್ರತಿ ಕಲೆಕ್ಟರಿನ ಕೆಳಗೂ ನಾವು ಕರೆಯದೇ ಬಂದ ಒಂದು ಡಯೋಡ್ ಇದೆ. ಅದು ಸದಾ ರಿವರ್ಸ್‌ನಲ್ಲೇ ಇರಬೇಕಾದರೆ ಸಬ್‌ಸ್ಟ್ರೇಟನ್ನು ಸರ್ಕೀಟಿನ ಅತ್ಯಂತ ಕಡಿಮೆ ವೋಲ್ಟೇಜಿಗೆ ಕಟ್ಟಬೇಕು. ಪ್ಲಸ್–ಮೈನಸ್ 15 ವೋಲ್ಟಿನಲ್ಲಿ ನಡೆಯುವ 741 ಆಪ್‌ಆಂಪ್‌ನಲ್ಲಿ ಅದು ಗ್ರೌಂಡ್ ಅಲ್ಲ, ಮೈನಸ್ 15.

ಗೋಡೆ ಕುಸಿದರೆ ಏನಾಗುತ್ತದೆ ಎಂಬುದು ಹೆಚ್ಚು ಸ್ವಾರಸ್ಯಕರ. ಯಾವುದೋ ಎನ್ ಭಾಗ ಸಬ್‌ಸ್ಟ್ರೇಟಿಗಿಂತ ಸುಮಾರು 0.6 ವೋಲ್ಟ್ ಕೆಳಗಿಳಿಯಿತು ಎನ್ನಿ. ಕೆಳಗಿನ ಡಯೋಡ್ ಫಾರ್ವರ್ಡ್ ಆಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಈ ಎನ್ ಭಾಗ, ನಡುವಿನ ಪಿ ಸಬ್‌ಸ್ಟ್ರೇಟ್, ಪಕ್ಕದ ಇನ್ನೊಂದು ಎನ್ ಭಾಗ – ಮೂರೂ ಸೇರಿದರೆ ಯಾರೂ ಬರೆಯದ ಒಂದು ಎನ್‌ಪಿಎನ್! ನಾವೆಲ್ಲ ಬಳಸುವ ಎಲ್‌ಎಂ 324ರ ಡೇಟಾಶೀಟ್ ತೆರೆದು ನೋಡಿ. ಇನ್‌ಪುಟ್ ಮೈನಸ್ 0.3 ವೋಲ್ಟಿಗಿಂತ ಕೆಳಗೆ ಹೋಗಬಾರದು ಎಂದಿದೆ. ಹೋದರೆ ಇಂಥದೇ ಕಳ್ಳ ಟ್ರಾನ್ಸಿಸ್ಟರ್ ಎದ್ದು ಔಟ್‌ಪುಟ್ಟನ್ನು ಪ್ಲಸ್ ಸಪ್ಲೈವರೆಗೂ ಎಳೆಯಬಹುದು ಎಂದು ಅಡಿಟಿಪ್ಪಣಿ ಹೇಳುತ್ತದೆ. ಡೇಟಾಶೀಟಿನ ಅಡಿಟಿಪ್ಪಣಿ ಓದುವ ತಾಳ್ಮೆ ನಮಗೆಲ್ಲಿ!

ಇನ್ನೊಬ್ಬ ಕಳ್ಳ ಒಳಗೇ ಇದ್ದಾನೆ. ಎನ್‌ಪಿಎನ್‌ನ ಪಿ ಬೇಸ್, ಎನ್ ಕಲೆಕ್ಟರ್, ಕೆಳಗಿನ ಪಿ ಸಬ್‌ಸ್ಟ್ರೇಟ್ ಸೇರಿ ಒಂದು ಪಿಎನ್‌ಪಿ. ಟ್ರಾನ್ಸಿಸ್ಟರ್ ಸ್ಯಾಚುರೇಷನ್‌ಗೆ ಹೋದಾಗ ಇದು ಎಚ್ಚರಗೊಂಡು ಬೇಸ್ ಕರೆಂಟನ್ನು ತಳಕ್ಕೆ ಸೋರಿಸುತ್ತದೆ.

ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೆಲಸ ಹುಡುಕುವವರಿಗೆ ಇದು ಪರೀಕ್ಷೆಯ ಅಂಕದ ಮಾತಷ್ಟೇ ಅಲ್ಲ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಇಲ್ಲಿಗೆ ಬಂದಿತ್ತು. ಈಗಂತೂ ಇಂಥ ಕಂಪನಿಗಳು ಹಲವು. ಅಲ್ಲಿ ಮೊದಲ ಕೆಲಸ ಸಿಮ್ಯುಲೇಷನ್. ಸ್ಪೈಸ್‌ನಲ್ಲಿ ಟ್ರಾನ್ಸಿಸ್ಟರಿನ ಸಾಲಿಗೆ ನಾಲ್ಕನೇ ನೋಡ್ ಕೊಡಬಹುದು. ಕೊಡದಿದ್ದರೆ ಅದು ಗ್ರೌಂಡ್ ಎಂದು ತಾನೇ ಅಂದುಕೊಳ್ಳುತ್ತದೆ. ಕಲೆಕ್ಟರ್–ಸಬ್‌ಸ್ಟ್ರೇಟ್ ಕೆಪಾಸಿಟೆನ್ಸ್ ಸೂಚಿಸುವ ಸಿಜೆಎಸ್‌ನ ಬೆಲೆ ನಮೂದಿಸದಿದ್ದರೆ ಸೊನ್ನೆ. ಹೀಗಾಗಿ ಪರದೆಯ ಮೇಲೆ ಸರ್ಕೀಟ್ ಚುರುಕಾಗಿಯೇ ಓಡುತ್ತದೆ. ನಿಜವಾದ ಸಿಲಿಕಾನ್‌ನಲ್ಲಿ ಆ ಕೆಪಾಸಿಟೆನ್ಸ್ ವೇಗವನ್ನು ತಗ್ಗಿಸುತ್ತದೆ. ಆಗ ಬ್ರೆಡ್‌ಬೋರ್ಡಿನಂತೆ ತಂತಿ ಕಿತ್ತು ಬೇರೆಡೆ ಚುಚ್ಚಲಾಗದು. ಮಾಸ್ಕ್ ಬದಲಿಸಿ ಚಿಪ್ಪನ್ನೇ ಮತ್ತೆ ತಯಾರಿಸಬೇಕು.

ಹಾಗೆಂದು ಸಬ್‌ಸ್ಟ್ರೇಟ್ ಬರೀ ತಂಟೆಕೋರನೇನಲ್ಲ. ಸಿಮಾಸ್ ಚಿಪ್‌ಗಳಲ್ಲಿ ಪಿ ಡಿಫ್ಯೂಷನ್, ಎನ್ ವೆಲ್, ಪಿ ಸಬ್‌ಸ್ಟ್ರೇಟ್ ಸೇರಿ ಆಗುವ ಪಿಎನ್‌ಪಿಯನ್ನು ಬೇಕೆಂದೇ ಬಳಸುತ್ತಾರೆ. ಅದರ ಬೇಸ್–ಎಮಿಟರ್ ವೋಲ್ಟೇಜ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬ್ಯಾಂಡ್‌ಗ್ಯಾಪ್ ರೆಫರೆನ್ಸ್‌ನ ಸುಮಾರು 1.2 ವೋಲ್ಟ್ ಹುಟ್ಟುವುದು ಇಂಥ ಟ್ರಾನ್ಸಿಸ್ಟರುಗಳಿಂದಲೇ.

ಈ ನಾಲ್ಕನೇ ಕಾಲನ್ನು ಮುಟ್ಟಿ ನೋಡುವ ಆಸೆಯಿದ್ದರೆ ಸಿಎ 3046 ಎಂಬ ಐಸಿ ಹುಡುಕಿ. 14 ಪಿನ್‌ಗಳ ಇದರಲ್ಲಿ ಐದು ಎನ್‌ಪಿಎನ್‌ಗಳಿವೆ. 13ನೇ ಪಿನ್ ಸಬ್‌ಸ್ಟ್ರೇಟ್. ಮಲ್ಟಿಮೀಟರನ್ನು ಡಯೋಡ್ ಮೋಡ್‌ಗೆ ತಿರುಗಿಸಿ, ಕೆಂಪು ಕಡ್ಡಿಯನ್ನು 13ಕ್ಕೆ, ಕಪ್ಪನ್ನು ಮೊದಲ ಟ್ರಾನ್ಸಿಸ್ಟರಿನ ಕಲೆಕ್ಟರ್ ಆದ 1ನೇ ಪಿನ್‌ಗೆ ಇಡಿ. ಸರ್ಕೀಟ್ ಚಿತ್ರದಲ್ಲಿ ಯಾರೂ ಬರೆಯದ ಡಯೋಡ್ ಮೀಟರಿನಲ್ಲಿ ಕಾಣುತ್ತದೆ. ಒಂದು ಎಚ್ಚರಿಕೆ: ಐದನೇ ಟ್ರಾನ್ಸಿಸ್ಟರಿನ ಎಮಿಟರನ್ನೂ ಇದೇ ಪಿನ್‌ಗೆ ಜೋಡಿಸಿದ್ದಾರೆ. ಹಾಗಾಗಿ ಅದನ್ನು ಸರ್ಕೀಟಿನಲ್ಲಿ ಮೇಲಿನ ಜಾಗಕ್ಕೆ ಹಾಕುವಂತಿಲ್ಲ, ತಳದಲ್ಲೇ ಇಡಬೇಕು.